ಒಂದು ಮನೆ ಹಿಂದಕ್ಕೆ

ಇ7ರಲ್ಲಿ ನನ್ನ ಕಪ್ಪು ರಾಜ. ಅದರ ಮೂಗಿಗೆ ಮೂಗು ತಾಗುವ ಹಾಗೆ ಇ6ರಲ್ಲಿ ಬಿಳಿ ಕಾಲಾಳು, ಡಿ5ರಲ್ಲಿ ಬಿಳಿ ರಾಜ. ಚೆಸ್ ಬೋರ್ಡಿನ ಮೇಲೆ ಉಳಿದಿದ್ದು ಅಷ್ಟೇ (ಅಕ್ಷರ ಅಂದರೆ ಉದ್ದಸಾಲು, ಅಂಕಿ ಅಂದರೆ ಬಿಳಿಯ ಕಡೆಯಿಂದ ಎಣಿಸಿದ ಅಡ್ಡಸಾಲು). ನಡೆ ನನ್ನದು.

ನಾಲ್ಕು ವರ್ಷದ ಹಿಂದೆ ಬೆಂಗಳೂರಿನ ಒಂದು ಟೂರ್ನಮೆಂಟಿನ ಕೊನೇ ಸುತ್ತು ಅದು. ಎದುರಿಗೆ ಹತ್ತು ಹನ್ನೊಂದರ ಹುಡುಗ. ಹಿಂದಕ್ಕೆ ಸರಿಯಬೇಕು, ಯಾವ ಮನೆಯಾದರೇನು ಅಂದುಕೊಂಡು ರಾಜನನ್ನು ಡಿ8ಕ್ಕೆ ಇಟ್ಟೆ. ಅವನ ರಾಜ ಡಿ6ಕ್ಕೆ ಬಂತು. ನಾನು ಇ8ಕ್ಕೆ ಹೋದೆ. ಅವನು ಕಾಲಾಳನ್ನು ಇ7ಕ್ಕೆ ತಳ್ಳಿದ. ನನಗೆ ಉಳಿದ ಒಂದೇ ಮನೆ ಎಫ್7. ಅಲ್ಲಿಗೆ ಹೋದೆ, ಅವನ ರಾಜ ಡಿ7ಕ್ಕೆ ಬಂದು ಇ8ಕ್ಕೆ ಕಾವಲು ನಿಂತಿತು. ಇನ್ನು ಅವನ ಕಾಲಾಳು ಅಲ್ಲಿಗೆ ಹೋಗಿ ಮಂತ್ರಿಯಾಗುವುದನ್ನು ತಡೆಯುವಂತಿರಲಿಲ್ಲ. ಕೈ ಕುಲುಕಿ ಎದ್ದೆ.

ಮೊದಲೇ ನೇರವಾಗಿ ಇ8ಕ್ಕೆ ಹೋಗಿದ್ದರೆ ಡ್ರಾ. ಬಿಳಿ ರಾಜ ಡಿ6ಕ್ಕೆ ಬಂದಾಗ ನಾನು ಡಿ8ರಲ್ಲಿ ಎದುರುಬದುರು ನಿಲ್ಲುತ್ತಿದ್ದೆ. ಕಾಲಾಳು ಇ7ಕ್ಕೆ ಬಂದರೆ ಈಗ ಅದು ಚೆಕ್, ನಾನು ಇ8ಕ್ಕೆ. ಆಮೇಲೆ ಬಿಳಿ ತನ್ನ ಕಾಲಾಳನ್ನು ಕೈಬಿಡಬೇಕು, ಇಲ್ಲ ರಾಜನನ್ನು ಇ6ಕ್ಕೆ ತಂದು ಸ್ಟೇಲ್‌ಮೇಟ್ ಮಾಡಬೇಕು, ಅಂದರೆ ಚೆಕ್ ಇಲ್ಲದಿದ್ದರೂ ನನಗೆ ಆಡಲು ನಡೆಯೇ ಇಲ್ಲದೆ ಡ್ರಾ. ಈ ಬಗೆಯ ಆಟದಲ್ಲಿ, ಅಂಚಿನ ಎ, ಎಚ್ ಸಾಲು ಬಿಟ್ಟರೆ, ಕಾಲಾಳು ಚೆಕ್ ಕೊಡದೆ ಏಳನೇ ಸಾಲು ಮುಟ್ಟಿತೋ ಗೆಲುವು, ಚೆಕ್ ಕೊಟ್ಟು ಮುಟ್ಟಿತೋ ಡ್ರಾ. ಇದು ನನಗೆ ಗೊತ್ತಿರಲಿಲ್ಲವೇ? ಓದಿದ್ದೆ. ಅವೆನ್ಯೂ ರಸ್ತೆಯಲ್ಲಿ ಕೊಂಡ ಹಳೇ ಪುಸ್ತಕದಲ್ಲಿ ಅದೇ ಪುಟಕ್ಕೆ ಪೆನ್ಸಿಲಲ್ಲಿ ಗೆರೆಯನ್ನೂ ಎಳೆದಿದ್ದೆ. ಓದಿದ್ದು ಕೈಗೆ ಇಳಿದಿರಲಿಲ್ಲ.

ನನಗೆ ಆಟ ಕಲಿಸಿದ್ದು ಅಜ್ಜ. ಅವರ ಚದುರಂಗದಲ್ಲಿ ಕಾಲಾಳು ಕೊನೇ ಸಾಲಿನಲ್ಲಿ ಯಾರ ಮನೆ ಮುಟ್ಟುತ್ತದೋ ಅದೇ ಆಗುತ್ತಿತ್ತು: ಕುದುರೆ ಮನೆ ಮುಟ್ಟಿದರೆ ಕುದುರೆ, ಆನೆ ಮನೆ ಮುಟ್ಟಿದರೆ ಆನೆ. ಈಗಿನ ಆಟದಲ್ಲಿ ಯಾವ ಮೂಲೆಯ ಕಾಲಾಳಾದರೂ ಮಂತ್ರಿಯಾಗಬಹುದು. ಒಂದೇ ಒಂದು ಕಾಲಾಳಿಗೆ ಇಷ್ಟು ಬೆಲೆ ಬಂದಿದ್ದು ಅದರಿಂದಲೇ. ನಾನು ಮಾತ್ರ ಬಹಳ ಕಾಲ ಅಜ್ಜನ ಲೆಕ್ಕದಲ್ಲೇ ಆಡುತ್ತಿದ್ದೆ. ಕಾಯಿಗಳೆಲ್ಲ ಹೋದ ಮೇಲೆ ಇನ್ನೇನು ಉಳಿಯಿತು ಅನ್ನೋ ಭಾವನೆ.

ಆ ಸೋಲಿನ ಮರುದಿನ ತ್ಯಾಗರಾಜನಗರದ ನಮ್ಮ ಮನೆಯ ಊಟದ ಮೇಜಿನ ಮೇಲೆ ಆ ಮೂರು ಕಾಯಿಗಳನ್ನೇ ಇಟ್ಟು ಮಗಳನ್ನು ಕರೆದೆ. ಆಗ ಅವಳಿಗೆ ಒಂಬತ್ತು. ಅವಳು ಬಿಳಿ, ನಾನು ಕಪ್ಪು. ಡ್ರಾ ಮಾಡಿದೆ. ಬೋರ್ಡ್ ತಿರುಗಿಸಿದೆವು. ಈಗ ನಾನು ಬಿಳಿ, ಅವಳು ತಡೆಯಬೇಕು. ಅವಳೂ ಡಿ8ಕ್ಕೇ ಹೋದಳು! ನಾನು ಗೆದ್ದೆ. "ಇರಮ್ಮ, ಇನ್ನೊಂದ್ಸಲ," ಅಂದಳು. ಆ ರಾತ್ರಿ ಹತ್ತು ಸಲವಾದರೂ ಆಡಿದೆವು. ರಾಜ ಡಿ5ರ ಬದಲು ಎಫ್5ರಲ್ಲಿ, ಕಾಲಾಳು ಇ ಬದಲು ಸಿ ಸಾಲಿನಲ್ಲಿ, ಹೀಗೆ ಬದಲಿಸಿ ಬದಲಿಸಿ.

ನನ್ನ ಅಭ್ಯಾಸವೆಲ್ಲ ಹುಟ್ಟಿದ್ದು ಅಲ್ಲಿಂದ. ಒಂದು ವಾರಕ್ಕೆ ಒಂದೇ ಸ್ಥಿತಿ. ಅದನ್ನು ಎರಡೂ ಕಡೆಯಿಂದ, ಎದುರಿಗೆ ಮನುಷ್ಯರನ್ನು ಕೂರಿಸಿಕೊಂಡು ಆಡುವುದು. ಗೆಲ್ಲುವ ಕಡೆ ಮಾತ್ರ ಆಡಿದರೆ ದಾರಿ ಬಾಯಿಪಾಠವಾಗುತ್ತದೆ. ತಡೆಯುವ ಕಡೆ ಕೂತಾಗಲೇ ಎದುರಾಳಿ ಎಲ್ಲಿ ಹೇಗೆ ಒದ್ದಾಡಬಲ್ಲ ಅನ್ನೋದು ಗೊತ್ತಾಗೋದು. ಕಂಪ್ಯೂಟರನ್ನು ಕೊನೆಗೆ ಕೇಳುತ್ತೇನೆ. ಬೋರ್ಡಿನ ಮೇಲೆ ಏಳು ಕಾಯಿ ಅಥವಾ ಅದಕ್ಕಿಂತ ಕಡಿಮೆ ಉಳಿದಿದ್ದರೆ ಟೇಬಲ್‌ಬೇಸ್ ಎಂಬ ಲೆಕ್ಕದ ಕಣಜದಲ್ಲಿ ಗೆಲುವೋ ಡ್ರಾವೋ ಖಚಿತವಾಗಿ ಸಿಗುತ್ತದೆ. ಲಿಚೆಸ್ ಎಂಬ ಚೆಸ್ ಜಾಲತಾಣದಲ್ಲಿ ದುಡ್ಡಿಲ್ಲದೆ ನೋಡಬಹುದು. ಆದರೆ ಉತ್ತರ ಮೊದಲೇ ನೋಡಿಬಿಟ್ಟರೆ ಯೋಚನೆ ಅಲ್ಲಿಗೇ ನಿಂತುಹೋಗುತ್ತದೆ. ಹಾಗಾಗಿ ನಾನು ಯಾಕೆ ಈ ನಡೆ ಆಡಿದೆ ಅಂತ ನೋಟ್‌ಬುಕ್ಕಿನಲ್ಲಿ ಒಂದು ಸಾಲು ಕನ್ನಡದಲ್ಲಿ ಬರೆದ ಮೇಲೇ ಫೋನ್ ಮುಟ್ಟುವುದು.

ಮೊದಲ ಎರಡು ತಿಂಗಳು ಬರೀ ರಾಜ ಮತ್ತು ಕಾಲಾಳು. ಆಮೇಲೆ ಆನೆಗಳು. ಆನೆ ಆಟ ನನಗೆ ಕಷ್ಟವಾಯಿತು, ಯಾಕೆಂದರೆ ಕಾಲಾಳು ಉಳಿಸಿಕೊಳ್ಳುವ ಹಂಬಲ ಬಿಡಲು ಆಗುತ್ತಿರಲಿಲ್ಲ. ಅದನ್ನು ಬಿಡಿಸಿದ್ದು 1924ರ ನ್ಯೂಯಾರ್ಕ್ ಟೂರ್ನಮೆಂಟಿನಲ್ಲಿ ಆಗಿನ ವಿಶ್ವ ಚಾಂಪಿಯನ್ ಕಾಪಾಬ್ಲಾಂಕಾ ಟಾರ್ಟಕೋವರ್ ವಿರುದ್ಧ ಆಡಿದ ಆಟ. ಬಿಳಿ ಆಡುತ್ತಿದ್ದ ಕಾಪಾಬ್ಲಾಂಕಾ ಸಿ3ರ ಕಾಲಾಳನ್ನು ಚೆಕ್ ಸಮೇತ ಹೊಡೆಯಲು ಬಿಟ್ಟು, ರಾಜನನ್ನು ಜಿ3, ಎಚ್4, ಜಿ5 ದಾರಿಯಲ್ಲಿ ಎಫ್6ರವರೆಗೆ ನಡೆಸಿಕೊಂಡು ಹೋಗುತ್ತಾರೆ. ರಾಜನೇ ಮುಂದಾಳು! ಆ ನಡೆಗಳನ್ನು ಬೋರ್ಡಿನ ಮೇಲೆ ಎಷ್ಟು ಸಲ ಇಟ್ಟು ನೋಡಿದರೂ ನನಗೆ ಬೇಜಾರಾಗಿಲ್ಲ.

ಆನೆ ಆಟದಲ್ಲಿ ಎರಡು ಸ್ಥಿತಿಗಳನ್ನು ಕಲಿಯದೆ ಮುಂದೆ ಹೋಗಬಾರದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಒಂದು ಲುಸೇನಾ: ಏಳನೇ ಸಾಲು ಮುಟ್ಟಿದ ಕಾಲಾಳಿನ ಮುಂದೆ ಸಿಕ್ಕಿಕೊಂಡ ನಮ್ಮ ರಾಜನನ್ನು, ಆನೆಯನ್ನು ನಾಲ್ಕನೇ ಸಾಲಿಗೆ ತಂದು, ಚೆಕ್‌ಗಳಿಂದ ಮರೆ ಮಾಡಿ ಹೊರಗೆ ತರುವ ವಿಧಾನ. ಲುಸೇನಾ 1497ರಲ್ಲಿ ಬರೆದ ಪುಸ್ತಕದಲ್ಲಿ ಈ ಸ್ಥಿತಿಯೇ ಇಲ್ಲ, ಹೆಸರು ಮಾತ್ರ ಅವನಿಗೆ ಅಂಟಿಕೊಂಡಿದೆ. ಇನ್ನೊಂದು ಫಿಲಿಡೋರ್. ಇದು ಸೋಲುವವರ ಆಸರೆ.

ಕಳೆದ ವರ್ಷ ಅದು ನನ್ನ ಕೈಹಿಡಿಯಿತು. ಬಿಳಿ ರಾಜ ಡಿ5, ಕಾಲಾಳು ಇ5, ಆನೆ ಎಚ್7. ನನ್ನ ರಾಜ ಇ8, ಆನೆ ಎ6. ಗಡಿಯಾರದಲ್ಲಿ ಎರಡು ನಿಮಿಷ, ಪ್ರತಿ ನಡೆಗೆ ಸಿಗುವ ಮೂವತ್ತು ಸೆಕೆಂಡ್ ಬಿಟ್ಟರೆ. ನಾನು ಮಾಡಬೇಕಿದ್ದು ಇಷ್ಟೇ: ಆನೆಯನ್ನು ಆರನೇ ಸಾಲಿನಲ್ಲೇ ಆಚೆ ಈಚೆ ಆಡಿಸುತ್ತ ಎದುರಾಳಿಯ ರಾಜ ಒಳಗೆ ಕಾಲಿಡದಂತೆ ನೋಡಿಕೊಳ್ಳುವುದು. ಚೆಕ್ ಕೊಡುವ ಆಸೆಗೆ ಆನೆಯನ್ನು ಮೊದಲೇ ಕೆಳಗೆ ಒಯ್ದರೆ ಕಥೆ ಮುಗಿಯಬಹುದು. ಏಳೆಂಟು ನಡೆ ಹಾಗೇ ಕಾದೆ. ಅವರಿಗೆ ಬೇರೆ ದಾರಿಯಿಲ್ಲದೆ ಕಾಲಾಳನ್ನು ಇ6ಕ್ಕೆ ತಳ್ಳಿದರು. ಆ ಕ್ಷಣಕ್ಕೇ ನನ್ನ ಆನೆ ಎ1ಕ್ಕೆ ಇಳಿಯಿತು. ಅವರ ರಾಜ ಡಿ6ಕ್ಕೆ ಬಂದರೆ ಡಿ1ರಿಂದ ಚೆಕ್, ಆಮೇಲೆ ಹಿಂದಿನಿಂದ ಚೆಕ್ ಮೇಲೆ ಚೆಕ್. ಅವರಿಗೆ ಅಡಗಲು ಇದ್ದ ಒಂದೇ ಮನೆ ಇ6, ಅಲ್ಲಿ ಅವರದೇ ಕಾಲಾಳು ನಿಂತಿತ್ತು. ಸ್ವಲ್ಪ ಹೊತ್ತಾದ ಮೇಲೆ ಅವರೇ ಡ್ರಾ ಕೇಳಿದರು. ಸ್ಕೋರ್‌ಶೀಟ್‌ಗೆ ಸಹಿ ಹಾಕುವಾಗ ನನ್ನ ಬೆರಳು ನಡುಗುತ್ತಿತ್ತು.

ಹಾಲ್‌ನ ಹೊರಗೆ ಮಗಳು ಕಾಯುತ್ತಿದ್ದಳು. "ಏನಮ್ಮ, ಆನೆ ಯಾವಾಗ ಕೆಳಗೆ ತಂದೆ?" ಅಂತ ಕೇಳಿದಳು.

"ಅವರು ಇ6 ತಳ್ಳಿದ ಮೇಲೆ."

"ಅದಕ್ಕಿಂತ ಮುಂಚೆ ಅಲ್ಲ ತಾನೆ?"

"ಅಲ್ಲ ಕಣೇ."

ಮನೆಗೆ ಹೋಗಿ ಊಟದ ಮೇಜಿನ ಮೇಲೆ ಅದೇ ಸ್ಥಿತಿ ಇಟ್ಟೆವು. ಅವಳು ಬಿಳಿ ತಗೊಂಡಳು.