ಸುತ್ತು ಹಾಕುತ್ತಿದ್ದ ಪಗ್‌ಗೆ ನಾನು ಕೊಟ್ಟ ಚಿಕಿತ್ಸೆ

ಧಾರವಾಡದಲ್ಲಿ ಸಾಕಿದ ನಾಯಿ ಇದ್ದಕ್ಕಿದ್ದಂತೆ ಸುತ್ತು ಹಾಕತೊಡಗಿದರೆ ಮನೆಯವರ ಮೊದಲ ಪ್ರಶ್ನೆ, "ಹುಚ್ಚ ಹಿಡದೈತೇನ್ರೀ ಡಾಕ್ಟರ್?" ಆ ಭಯವನ್ನು ನಾನು ನಕ್ಕು ತಳ್ಳಿಹಾಕುವುದಿಲ್ಲ. ಲಸಿಕೆ ಕಾರ್ಡ್ ನೋಡುತ್ತೇನೆ, ಬೀದಿ ನಾಯಿ ಕಚ್ಚಿತ್ತೇ ಎಂದು ಕೇಳುತ್ತೇನೆ, ಕೈಗವಸು ಹಾಕದೆ ಬಾಯಿ ಮುಟ್ಟುವುದಿಲ್ಲ. ರೇಬೀಸ್ ಲಕ್ಷಣ ಕಾಣಿಸಿಕೊಂಡ ನಾಯಿ ಸಾಮಾನ್ಯವಾಗಿ 10 ದಿನದೊಳಗೆ ಸಾಯುತ್ತದೆ. ವಾರಗಟ್ಟಲೆ ಎಳೆದ ಕಾಯಿಲೆಯಾದರೆ ಬೇರೆಡೆ ಹುಡುಕಬೇಕು.

ಸಪ್ತಾಪುರದಿಂದ ಬಂದ ಪಗ್ ಹಾಗಿತ್ತು. ಹರೆಯದ ಹೆಣ್ಣು, ಲಸಿಕೆ ಎಲ್ಲ ಆಗಿತ್ತು, ಆಗಾಗ ಫಿಟ್ಸ್. ಎಡಕ್ಕೇ ಸುತ್ತುತ್ತಿತ್ತು. ಬಲಗಣ್ಣಿನ ಹತ್ತಿರ ಕೈ ಬೀಸಿದರೆ ರೆಪ್ಪೆ ಬಡಿಯಲಿಲ್ಲ. ಬಲಗಾಲಿನ ಪಂಜ ಮಗುಚಿಟ್ಟರೆ ಹಾಗೇ ನಿಂತಿತು. ಈ ಮೂರೂ ಕೂಡಿದರೆ ತೊಂದರೆ ಎಡಗಡೆಯ ಮುಮ್ಮಿದುಳಿನಲ್ಲಿ. ಇಷ್ಟು ತಿಳಿಯಲು ಯಂತ್ರ ಬೇಡ, ಜಾರದ ನೆಲ ಬೇಕು. ನಮ್ಮ ಕ್ಲಿನಿಕ್ಕಿನ ಟೈಲ್ಸ್ ಮೇಲೆ ಗಟ್ಟಿಮುಟ್ಟಾದ ನಾಯಿಯೂ ಜಾರುತ್ತದೆ, ಹಾಗಾಗಿ ಅಂಗಳದ ಮಣ್ಣಿನಲ್ಲಿ ನಡೆಸಿ ನೋಡುತ್ತೇನೆ.

ಪಗ್, ಮಾಲ್ಟೀಸ್, ಯಾರ್ಕ್‌ಷೈರ್ ಟೆರಿಯರ್‌ಗಳಂಥ ಪುಟ್ಟ ತಳಿಗಳಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಮಿದುಳಿನ ಮೇಲೆ ತಿರುಗಿಬೀಳುವುದುಂಟು. ಅದನ್ನು ತಗ್ಗಿಸಲು ಸ್ಟೀರಾಯ್ಡ್ ಕೊಡಬೇಕು. ಎಂ.ಆರ್.ಐ. ಮತ್ತು ಬೆನ್ನುಹುರಿ ದ್ರವದ ಪರೀಕ್ಷೆ ಆದರೆ ಅನುಮಾನ ಗಟ್ಟಿಯಾಗುತ್ತದೆ. ಅದಕ್ಕಾಗಿ ಬೆಂಗಳೂರಿಗೆ ಹೋಗುವುದು ಆ ಮನೆಯವರಿಗೆ ಆಗುವಂತಿರಲಿಲ್ಲ. ಆಗ ಉಳಿದದ್ದು ಒಂದೊಂದನ್ನೇ ತಳ್ಳಿಹಾಕುವ ಕೆಲಸ. ಡಿಸ್ಟೆಂಪರ್ ಎಂಬ ವೈರಸ್ ರೋಗದಲ್ಲಿ ಕಾಣುವ ಸ್ನಾಯು ಸೆಳೆತವಾಗಲಿ, ಮೂಗು ಪಾದ ಗಡುಸಾಗುವುದಾಗಲಿ ಇರಲಿಲ್ಲ. ಉಣ್ಣಿ ಜ್ವರಕ್ಕೆ ರಕ್ತ ನೋಡಿದೆ, ಪ್ಲೇಟ್‌ಲೆಟ್ ಸರಿಯಿತ್ತು. ಸೋಂಕು ಅಡಗಿದ್ದರೆ ಸ್ಟೀರಾಯ್ಡ್ ಅದನ್ನು ಕೆರಳಿಸೀತು ಎಂದು ಕ್ಲಿಂಡಾಮೈಸಿನ್, ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯಾಟಿಕ್‌ಗಳನ್ನು ಜೊತೆಗಿಟ್ಟೆ.

ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಕೆ.ಜಿ.ಗೆ 1 ಮಿ.ಗ್ರಾಂ.ನಂತೆ ದಿನಕ್ಕೆರಡು ಸಲ, ಫಿಟ್ಸ್‌ಗೆ ಲೆವೆಟಿರಾಸೆಟಮ್ ಕೆ.ಜಿ.ಗೆ 20 ಮಿ.ಗ್ರಾಂ. 8 ತಾಸಿಗೊಮ್ಮೆ. ನಡುರಾತ್ರಿಯ ಗುಳಿಗೆ ತಪ್ಪಿಸಬೇಡಿ ಅಂತ ಮನೆಯವರಿಗೆ ಎಷ್ಟು ಸಲ ಹೇಳಿದೆನೋ!

ನಿಜವಾದ ಕಷ್ಟ ಶುರುವಾಗುವುದು ನಾಯಿ ಚೇತರಿಸಿಕೊಂಡ ಮೇಲೆ. "ಈಗ ಆರಾಮ ಐತ್ರಿ, ಗುಳಿಗಿ ಬಂದ್ ಮಾಡೂಣೇನ್ರೀ?" ಬೇಡವೇ ಬೇಡ. ಥಟ್ಟನೆ ನಿಲ್ಲಿಸಿದರೆ ಕಾಯಿಲೆ ಮರಳುತ್ತದೆ, ದೇಹ ತಾನೇ ಸ್ಟೀರಾಯ್ಡ್ ತಯಾರಿಸಲಾರದೆ ಕುಸಿಯುತ್ತದೆ. ಮೂರು ನಾಲ್ಕು ವಾರಕ್ಕೊಮ್ಮೆ ಅದೇ ಅಂಗಳದಲ್ಲಿ ನಡೆಸಿ, ಕಣ್ಣು ಪಂಜ ನೋಡಿಯೇ ಸ್ಟೀರಾಯ್ಡ್ ಪ್ರಮಾಣ ಒಂದಿಷ್ಟು ಇಳಿಸುತ್ತೇನೆ. ತಿಂಗಳುಗಳೇ ಹಿಡಿಯುತ್ತವೆ. ಕೆಲವು ನಾಯಿಗಳಿಗೆ ಜೀವನಪರ್ಯಂತ ಬೇಕಾಗಬಹುದು. ಸ್ಟೀರಾಯ್ಡ್ ತಿನ್ನುವ ನಾಯಿ ನೀರು ವಿಪರೀತ ಕುಡಿಯುತ್ತದೆ, ಮನೆಯೊಳಗೇ ಉಚ್ಚೆ ಮಾಡುತ್ತದೆ. ಅದಕ್ಕೆಂದು ನೀರಿನ ಬಟ್ಟಲು ಎತ್ತಿಡಬಾರದು. ಮೆಲಾಕ್ಸಿಕಾಮ್‌ನಂಥ ನೋವಿನ ಗುಳಿಗೆ ಜೊತೆಗೆ ಸೇರಿದರೆ ಹೊಟ್ಟೆ ಹುಣ್ಣಾಗುತ್ತದೆ. ಇಳಿಸುವಾಗ ಪಗ್ ಮತ್ತೆ ಎಡಕ್ಕೆ ವಾಲಿತು. ಹಿಂದಿನ ಪ್ರಮಾಣಕ್ಕೆ ಮರಳಿ, ಸೈಟರಬಿನ್ ಚುಚ್ಚುಮದ್ದು ಸೇರಿಸಿದೆ. ಅದು ಕ್ಯಾನ್ಸರ್ ಔಷಧಿ, ರಕ್ಷಣಾ ವ್ಯವಸ್ಥೆಯನ್ನೂ ತಗ್ಗಿಸುತ್ತದೆ. ಚುಚ್ಚುಮದ್ದಿನ ಪ್ರತಿ ಸುತ್ತಿಗೂ ಮುನ್ನ ರಕ್ತಕಣಗಳ ಎಣಿಕೆ ಆಗಲೇಬೇಕು.

ಬೆಕ್ಕಿಗೆ ಮಾತ್ರ ನಾನು ಈ ದಾರಿ ಹಿಡಿಯುವುದಿಲ್ಲ. ಎಳೆಯ ಬೆಕ್ಕು, ಇಳಿಯದ ಜ್ವರ, ಕಣ್ಣಿನೊಳಗೆ ಉರಿಯೂತ, ತೂರಾಡುವ ನಡಿಗೆ ಎಂದರೆ ಮೊದಲ ಅನುಮಾನ ಕೊರೊನಾವೈರಸ್‌ನಿಂದ ಬರುವ ಎಫ್.ಐ.ಪಿ. ಅದಕ್ಕೆ ಬೇಕಾದದ್ದು ಜಿಎಸ್-441524 ಎಂಬ ವೈರಸ್ ನಿರೋಧಕ, ಅದೂ ಮಿದುಳಿಗೆ ತಲುಪುವಷ್ಟು ಹೆಚ್ಚಿನ ಪ್ರಮಾಣದಲ್ಲಿ. ಬರೀ ಸ್ಟೀರಾಯ್ಡ್ ಕೊಟ್ಟರೆ ನಾಲ್ಕು ದಿನ ಊಟ ಮಾಡೀತು, ರೋಗ ಒಳಗೇ ಬೆಳೆಯುತ್ತಿರುತ್ತದೆ.