ಅಣ್ಣನ ಮೇಲಿನ ಸಿಟ್ಟು, ಲೂಕನ ಹನ್ನೆರಡನೇ ಅಧ್ಯಾಯ

ಸಕಲೇಶಪುರದ ಕಡೆ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ರೈಟರ್. ಆಳು ಲೆಕ್ಕ ಬರೆಯುವುದು, ಸಂಜೆ ಹಣ್ಣು ತೂಕ ಹಾಕಿಸುವುದು, ಶನಿವಾರ ಬಟವಾಡೆ ಮಾಡುವುದು ನನ್ನ ಕೆಲಸ. ನಮ್ಮದು ಕಥೋಲಿಕ ಕುಟುಂಬ. ಪ್ರಾರ್ಥನೆ ಅಂದರೆ ಮನೆಯಲ್ಲಿ ಸಂಜೆ ಜಪಸರ, ಭಾನುವಾರ ಚರ್ಚಿನಲ್ಲಿ ಬಲಿಪೂಜೆ, ಅಂದರೆ ಮಾಸ್. ಬೈಬಲ್ ಇತ್ತು. ಆದರೆ ಅದನ್ನೇ ತೆರೆದುಕೊಂಡು ಕೂತು ಪ್ರಾರ್ಥನೆ ಮಾಡುವುದು ನನಗೆ ಗೊತ್ತಿರಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ತೋಟದ ಪಾಲಿನ ವಿಷಯಕ್ಕೆ ಅಣ್ಣನಿಗೂ ನನಗೂ ಮಾತು ಬಿಟ್ಟುಹೋಯಿತು. ರಸ್ತೆ ಪಕ್ಕದ ಅರೇಬಿಕಾ ಕಾಫಿ ಯಾರಿಗೆ, ಕೆರೆ ಯಾರಿಗೆ ಅಂತ ಶುರುವಾದದ್ದು ಕೋರ್ಟಿಗೆ ಹೋಯಿತು. ಹಗಲು ಹೇಗೋ ಕಳೆಯುತ್ತಿತ್ತು. ರಾತ್ರಿ ಮಾತ್ರ ಕಷ್ಟ. ಮಲಗಿದಲ್ಲೇ ಅಣ್ಣನಿಗೆ ಉತ್ತರ ಕೊಡುತ್ತಿದ್ದೆ, ಅವನು ಏನಾದರೂ ಅಂದಂತೆ ಊಹಿಸಿಕೊಂಡು ಮತ್ತೆ ಉತ್ತರ ಕೊಡುತ್ತಿದ್ದೆ. ಹೀಗೇ ಬೆಳಗಾಗುತ್ತಿತ್ತು.

ನಮ್ಮ ಹಾಸನ ಜಿಲ್ಲೆಯ ಚರ್ಚುಗಳು ಚಿಕ್ಕಮಗಳೂರಿನ ಬಿಷಪ್ಪರ ಧರ್ಮಪ್ರಾಂತ್ಯಕ್ಕೆ ಸೇರಿವೆ. ಒಂದು ಸಲ ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲದಲ್ಲಿ ಚಿಕ್ಕಮಗಳೂರಿನ ಕಡೆ ನಡೆದ ಧ್ಯಾನಕೂಟಕ್ಕೆ ಹೋಗಿದ್ದೆ. ಅಲ್ಲಿ ಒಬ್ಬರು ಫಾದರ್ 'ಲೆಕ್ಸಿಯೋ ದಿವೀನಾ' ಹೇಳಿಕೊಟ್ಟರು. ದೇವರ ವಾಕ್ಯವನ್ನು ನಿಧಾನಕ್ಕೆ ಓದಿ, ಅದರ ಜೊತೆಗೇ ಕೂತು ಪ್ರಾರ್ಥಿಸುವ ಬಗೆ ಇದು. ಆರನೇ ಶತಮಾನದಲ್ಲೇ ಸಂತ ಬೆನೆಡಿಕ್ಟರು ತಮ್ಮ ಮಠದ ನಿಯಮದಲ್ಲಿ ಇಂಥ ಓದಿಗೆ ದಿನವೂ ಇಷ್ಟು ಹೊತ್ತು ಅಂತ ಮೀಸಲಿಟ್ಟಿದ್ದರು. 12ನೇ ಶತಮಾನದಲ್ಲಿ ಫ್ರಾನ್ಸಿನ ಆಲ್ಪ್ಸ್ ಬೆಟ್ಟದ ಮಠದಲ್ಲಿದ್ದ ಗೀಗೋ ಎಂಬ ಸನ್ಯಾಸಿ ಇದನ್ನು ನಾಲ್ಕು ಮೆಟ್ಟಿಲಿನ ಏಣಿ ಅಂತ ಒಂದು ಪತ್ರದಲ್ಲಿ ವಿವರಿಸಿದರು. ಓದು, ಮನನ, ಪ್ರಾರ್ಥನೆ, ಧ್ಯಾನ. ಓದು ತುತ್ತನ್ನು ಬಾಯಿಗಿಡುತ್ತದೆ, ಮನನ ಅದನ್ನು ಅಗಿಯುತ್ತದೆ ಅನ್ನುವುದು ಅವರದೇ ಮಾತು. ಇದು ಸನ್ಯಾಸಿಗಳಿಗೆ ಮಾತ್ರ ಅಂತ ಅಂದುಕೊಳ್ಳಬೇಕಿಲ್ಲ. ಎಲ್ಲ ಭಕ್ತರೂ ಬೈಬಲ್ ಓದಬೇಕು, ಓದಿನ ಜೊತೆ ಪ್ರಾರ್ಥನೆಯೂ ಇರಬೇಕು ಅಂತ ಕಥೋಲಿಕ ಬಿಷಪ್ಪರೆಲ್ಲ ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲೇ ಹೇಳಿದೆ.

ನಾನು ಮಾಡುವುದು ಹೀಗೆ. ಏಳೂವರೆಗೆ ಆಳುಗಳ ಹಾಜರಿ ತೆಗೆದುಕೊಳ್ಳಬೇಕು, ಹಾಗಾಗಿ ಐದಕ್ಕೆ ಏಳುತ್ತೇನೆ. ಫೋನ್ ಒಳಗಿನ ಕೋಣೆಯಲ್ಲೇ ಇರುತ್ತದೆ. ಬೆನ್ನು ನೆಟ್ಟಗಿಟ್ಟುಕೊಂಡು ಕುರ್ಚಿಯಲ್ಲಿ ಕೂತು, ಉಸಿರು ನಿಧಾನವಾಗುವವರೆಗೆ ಸುಮ್ಮನಿರುತ್ತೇನೆ. ಪವಿತ್ರಾತ್ಮರನ್ನು ಕರೆದು, ಅವತ್ತಿನ ಬಲಿಪೂಜೆಯ ಶುಭಸಂದೇಶ, ಅಂದರೆ ಬೈಬಲ್ಲಿನಲ್ಲಿ ಯೇಸುವಿನ ಜೀವನ ಹೇಳುವ ಭಾಗ, ತೆಗೆಯುತ್ತೇನೆ. ನನಗೆ ಇಷ್ಟವಾದ ಭಾಗವನ್ನೇ ಹುಡುಕಿ ಓದುವುದಿಲ್ಲ. ಹಾಗೆ ಹುಡುಕಿದರೆ ನಮಗೆ ಬೇಕಾದ ಮಾತನ್ನಷ್ಟೇ ದೇವರ ಬಾಯಲ್ಲಿ ಹೇಳಿಸುತ್ತೇವೆ, ಅಲ್ವಾ? ತುಟಿ ಅಲ್ಲಾಡಿಸಿಕೊಂಡು, ಕಿವಿಗೆ ಕೇಳುವಷ್ಟು ದನಿಯಲ್ಲಿ ಓದುತ್ತೇನೆ. ಹಳೇ ಕಾಲದ ಸನ್ಯಾಸಿಗಳೂ ಹಾಗೇ ಓದುತ್ತಿದ್ದರು. ಕಣ್ಣು ಓಡುತ್ತದೆ, ನಾಲಿಗೆ ಅಷ್ಟು ಬೇಗ ಓಡುವುದಿಲ್ಲ.

ಒಂದು ಅಕ್ಟೋಬರಿನ ಬೆಳಗ್ಗೆ ಬಂದದ್ದು ಲೂಕನ ಶುಭಸಂದೇಶದ 12ನೇ ಅಧ್ಯಾಯ, 13ನೇ ವಾಕ್ಯದಿಂದ. ಹೆಚ್ಚುಕಮ್ಮಿ ಪ್ರತಿ ವರ್ಷ ಅಕ್ಟೋಬರಿನಲ್ಲಿ ಈ ವಾಚನ ಬರುತ್ತದೆ. ಎಷ್ಟೋ ಸಲ ಕೇಳಿದ್ದರೂ ನನಗಾಗಿಯೇ ಓದಿದಂತೆ ಅನ್ನಿಸಿದ್ದು ಅವತ್ತೇ. ಜನರ ಗುಂಪಿನಿಂದ ಒಬ್ಬ ಯೇಸುವನ್ನು ಕೇಳುತ್ತಾನೆ, ಪಿತ್ರಾರ್ಜಿತ ಆಸ್ತಿಯಲ್ಲಿ ನನಗೂ ಪಾಲು ಕೊಡು ಅಂತ ನನ್ನ ಸಹೋದರನಿಗೆ ಹೇಳಿ ಅಂತ. ನನ್ನ ಎದೆಯಲ್ಲಿದ್ದ ಅರ್ಜಿಯೇ ಅದು! ಯೇಸು ಏನಂದರು? ನಿಮ್ಮ ನ್ಯಾಯ ತೀರಿಸುವುದಕ್ಕೆ, ಪಾಲು ಮಾಡಿಕೊಡುವುದಕ್ಕೆ ನನ್ನನ್ನು ನೇಮಿಸಿದವರು ಯಾರು, ಅಂದರು.

ನನಗೆ ತುಂಬಾ ಬೇಸರವಾಯಿತು. ಮುಂದೆ ಓದಲಾಗಲಿಲ್ಲ. ಫಾದರ್ ಹೇಳಿದ್ದು ನೆನಪಾಯಿತು: "ವಾಕ್ಯ ಚುಚ್ಚಿದರೆ ಪುಟ ತಿರುಗಿಸಬೇಡಿ, ಅಲ್ಲೇ ಕೂತಿರಿ." ಕೂತೆ. ಮಾರನೇ ದಿನವೂ ಅದೇ ವಾಕ್ಯ ತೆಗೆದೆ. ಆ ಸಲದ ಅರೇಬಿಕಾ ಕೊಯ್ಲು ಮುಗಿಯುವವರೆಗೂ ಅದೇ ಭಾಗಕ್ಕೆ ಮತ್ತೆ ಮತ್ತೆ ಬರುತ್ತಿದ್ದೆ.

ಯೇಸುಸಭೆ (ಜೆಸ್ವಿಟ್) ಸ್ಥಾಪಿಸಿದ ಸಂತ ಇಗ್ನೇಷಿಯಸರು ಕಲಿಸಿದ ಇನ್ನೊಂದು ಬಗೆ ಇದೆ. ಶುಭಸಂದೇಶದ ಘಟನೆಯನ್ನು ಕಣ್ಣೆದುರು ತಂದುಕೊಂಡು ನಾವೂ ಅದರೊಳಗೆ ಹೋಗಿ ನಿಲ್ಲುವುದು. ಅದನ್ನೂ ಮಾಡಿದೆ. ಒಬ್ಬರನ್ನೊಬ್ಬರು ತುಳಿಯುವಷ್ಟು ಸಾವಿರಾರು ಜನ ಸೇರಿದ್ದರು ಅಂತ ಅಧ್ಯಾಯದ ಮೊದಲಲ್ಲೇ ಇದೆ. ಆ ನೂಕುನುಗ್ಗಲಲ್ಲಿ ನಿಂತು ನಾನೇ ಗಟ್ಟಿಯಾಗಿ ಕೇಳಿದೆ. ಯೇಸು ನನಗೆ ಉತ್ತರ ಕೊಟ್ಟು, ಆಮೇಲೆ ಎಲ್ಲರ ಕಡೆ ತಿರುಗಿ, ದುರಾಸೆಯ ಬಗ್ಗೆ ಎಚ್ಚರವಾಗಿರಿ ಅಂದರು. ಬೈಬಲ್ಲಿನಲ್ಲೂ ಹಾಗೇ ಇದೆ, ಮೊದಲ ಮಾತು ಅವನೊಬ್ಬನಿಗೆ, ಎರಡನೆಯದು ಎಲ್ಲರಿಗೆ. ಆ ಎಲ್ಲರ ನಡುವೆ ನನ್ನ ಅಣ್ಣನೂ ನಿಂತಿರುವುದು ಕಂಡಿತು. ಹಳೇ ಸ್ವೆಟರ್, ತಲೆಗೆ ಮಫ್ಲರ್, ಕೊಯ್ಲಿನ ಕಾಲದಲ್ಲಿ ಇರುವ ಹಾಗೇ ಇದ್ದ. ಅವನೂ ಕೇಳಿಸಿಕೊಳ್ಳುತ್ತಿದ್ದ. ಅವನ ಮುಖದಲ್ಲಿ ಸುಸ್ತು ಇತ್ತು. ಅಷ್ಟು ದಿನ ಅವನನ್ನು ನಾನು ನೆನಪಿಸಿಕೊಂಡಿದ್ದು ಜಗಳ ಆಡುವ ಮುಖದಲ್ಲಿ ಮಾತ್ರ.

ಅವತ್ತು ನಾನು ಮಾಡಿದ ಪ್ರಾರ್ಥನೆಗೆ ಪುಸ್ತಕದ ಭಾಷೆ ಇರಲಿಲ್ಲ. "ಸ್ವಾಮಿ, ನನಗೆ ಸಿಟ್ಟಿದೆ. ತೋಟ ಬೇಕು. ಅಣ್ಣನೂ ಬೇಕು" ಅಂದೆ. ಅಷ್ಟೇ. ಆಮೇಲೆ ಹೇಳುವುದಕ್ಕೆ ಏನೂ ಉಳಿದಿರಲಿಲ್ಲ. ಸುಮ್ಮನೆ ಕೂತಿದ್ದೆ. ನಾಲ್ಕನೇ ಮೆಟ್ಟಿಲು ಅಂದರೆ ಇದೇ ಇರಬೇಕು. ಅದನ್ನು ನಾವಾಗಿ ಹತ್ತುವುದಕ್ಕೆ ಆಗುವುದಿಲ್ಲ, ಅದು ದೇವರು ಕೊಟ್ಟಾಗ ಸಿಗುವುದು.

ಧ್ಯಾನ ಅಂದರೆ ಮನಸ್ಸು ಖಾಲಿ ಮಾಡುವುದು ಅಂತ ತುಂಬಾ ಜನ ಹೇಳುತ್ತಾರೆ. ನನ್ನ ಅನುಭವ ಬೇರೆ. ಚಿಂತೆಯನ್ನು ಹೊರಗೆ ದಬ್ಬಲು ಹೋದಷ್ಟೂ ಅದು ಜೋರಾಗುತ್ತದೆ. ನಾನು ಅದನ್ನು ವಾಕ್ಯದೊಳಗೇ ಕರೆದುಕೊಂಡು ಹೋಗುತ್ತೇನೆ, ಯೇಸುವಿನ ಎದುರು ನಿಲ್ಲಿಸುತ್ತೇನೆ. "ನನ್ನ ಶಾಂತಿಯನ್ನು ನಿಮಗೆ ಕೊಡುತ್ತೇನೆ" ಅಂತ ಅವರು ಶಿಷ್ಯರಿಗೆ ಹೇಳಿದ್ದು ತಮ್ಮನ್ನು ಶಿಲುಬೆಗೆ ಹಾಕಲು ಹಿಡಿದುಕೊಂಡು ಹೋಗುವ ಹಿಂದಿನ ಗಳಿಗೆಗಳಲ್ಲಿ. ಕಷ್ಟ ಮುಗಿದ ಮೇಲೆ ಕೊಟ್ಟ ಶಾಂತಿ ಅಲ್ಲ ಅದು. ಬೇರೆ ಯೋಚನೆ, ಉದಾಹರಣೆಗೆ ತೂಕದ ಲೆಕ್ಕ, ನುಗ್ಗಿದರೆ ಅದರ ಜೊತೆ ಗುದ್ದಾಡುವುದಿಲ್ಲ. ವಾಕ್ಯವನ್ನು ಇನ್ನೊಮ್ಮೆ ಮೆಲ್ಲಗೆ ಹೇಳಿಕೊಳ್ಳುತ್ತೇನೆ. ಏನೂ ಅನ್ನಿಸದ ದಿನಗಳೂ ಇರುತ್ತವೆ, ಆಗಲೂ ಎದ್ದು ಹೋಗುವುದಿಲ್ಲ.

ಬೇಸಿಗೆಯಲ್ಲಿ ನೀರು ಇಳಿದಾಗ ಶೆಟ್ಟಿಹಳ್ಳಿ ಚರ್ಚಿಗೆ ಹೋಗಿದ್ದೆ. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ್ದು. ಗೊರೂರಿನ ಹೇಮಾವತಿ ಅಣೆಕಟ್ಟಿನ ಹಿನ್ನೀರು ಬಂದ ಮೇಲೆ ಮಳೆಗಾಲದಲ್ಲಿ ಅರ್ಧ ಮುಳುಗಿಯೇ ಇರುತ್ತದೆ. ಅಲ್ಲಿನ ಜನ ಮನೆ, ಹೊಲ ಎಲ್ಲ ಬಿಟ್ಟು ಎದ್ದು ಹೋಗಬೇಕಾಯಿತು. ಫೋಟೋ ತೆಗೆಯುವವರ ಗದ್ದಲದ ನಡುವೆಯೇ ಒಂದು ಗೋಡೆ ಪಕ್ಕ ಕೂತು, ಲೂಕನ ಅದೇ ಅಧ್ಯಾಯದ ಮುಂದಿನ ಸಾಮತಿ, ಅಂದರೆ ಯೇಸು ಹೇಳಿದ ನೀತಿಕತೆ, ಓದಿದೆ. ದೊಡ್ಡ ಕಣಜ ಕಟ್ಟಿಸಬೇಕು ಅಂತ ಯೋಚಿಸಿದ ಶ್ರೀಮಂತ ಆ ರಾತ್ರಿಯೇ ಸಾಯುವ ಕತೆ. ಆಮೇಲೆ ಬಿತ್ತದ, ಕೊಯ್ಯದ, ಕಣಜವಿಲ್ಲದ ಕಾಗೆಗಳ ಮಾತು. ಈಗ ಕಣದಲ್ಲಿ ಕಾಗೆ ಕಂಡರೆ ಆ ವಾಕ್ಯ ತಾನಾಗಿಯೇ ಬಾಯಿಗೆ ಬರುತ್ತದೆ.

ಕೇಸು ಇನ್ನೂ ನಡೆಯುತ್ತಿದೆ. ನನ್ನ ಪಾಲನ್ನು ನಾನು ಬಿಟ್ಟಿಲ್ಲ, ಬಿಡಬೇಕು ಅಂತ ಪ್ರಾರ್ಥನೆಯಲ್ಲಿ ನನಗೆ ಅನ್ನಿಸಿಯೂ ಇಲ್ಲ. ಆದರೆ ರಾತ್ರಿ ನಿದ್ದೆ ಬರುತ್ತದೆ. ಒಂದು ಭಾನುವಾರ ಚರ್ಚ್ ಗೇಟಿನ ಹತ್ತಿರ ಅಣ್ಣ ಎದುರಾದ. "ಅಣ್ಣ, ನಿನ್ನ ಕಡೆ ಕಾಂಡಕೊರಕ ಹುಳ ಹೇಗಿದೆ?" ಅಂತ ಕೇಳಿದೆ. ಸ್ವಲ್ಪ ಹೊತ್ತು ನನ್ನನ್ನೇ ನೋಡಿದ. "ಈ ಸಲ ಜಾಸ್ತಿನೇ ಇದೆ ಕಣೋ, ಗಿಡ ಕಿತ್ತು ಸುಡ್ತಾ ಇದೀನಿ" ಅಂದ. ಈಗ ಸಿಕ್ಕಾಗಲೆಲ್ಲ ಗಿಡದ ಬಗ್ಗೆ, ಮಳೆ ಬಗ್ಗೆ ಮಾತಾಡುತ್ತೇವೆ. ಕೇಸಿನ ಮಾತು ಎತ್ತುವುದಿಲ್ಲ.

ಶುರು ಮಾಡಬೇಕು ಅನ್ನುವವರಿಗೆ ನಾನು ಹೇಳುವುದು ಬೈಬಲ್ಲಿನ 131ನೇ ಕೀರ್ತನೆ. ಇರುವುದೇ ಮೂರು ವಾಕ್ಯ. ಮೊಲೆ ಬಿಟ್ಟ ಕೂಸು ತಾಯಿಯ ಹತ್ತಿರ ಇರುವ ಹಾಗೆ ನನ್ನ ಪ್ರಾಣ ಸಮಾಧಾನದಿಂದಿದೆ ಅನ್ನುತ್ತದೆ ನಡುವಿನ ವಾಕ್ಯ. ಒಂದು ವಾರ ಅದೊಂದನ್ನೇ ಇಟ್ಟುಕೊಂಡು ಕೂರಿ. ಬೇರೆ ಪುಸ್ತಕ, ವ್ಯಾಖ್ಯಾನ ಯಾವುದೂ ಆಗ ಬೇಡ. ನಿದ್ದೆಯೇ ಇಲ್ಲದೆ ದೇಹ ಸೋಲುತ್ತಿದ್ದರೆ ಡಾಕ್ಟರಿಗೂ ತೋರಿಸಿ, ಪ್ರಾರ್ಥನೆ ಅದಕ್ಕೇನೂ ಅಡ್ಡಿಯಲ್ಲ.