ಎರಡೂವರೆ ಮೂಟೆ ಮೆಣಸಿನಲ್ಲಿ ಸಿಂಗಾಪುರದ ರೇಸ್

ಮೂಡಿಗೆರೆ ಕಡೆಯವರಿಗೆ ರೇಸ್ ಹುಚ್ಚು ಹೊಸದಲ್ಲ. ರ‍್ಯಾಲಿ ಬಂದಾಗಲೆಲ್ಲ ಎಸ್ಟೇಟ್ ರಸ್ತೆಯ ತಿರುವಿನಲ್ಲಿ ಕಾಫಿ ಗಿಡದ ಸಂದಿಯಲ್ಲಿ ನಿಂತು, ಮೈಯೆಲ್ಲ ಕೆಂಪು ಧೂಳು ಮೆತ್ತಿಸಿಕೊಂಡು ಬೆಳೆದವರು ನಾವು. ಆದರೆ "ಸಿಂಗಾಪುರದಲ್ಲಿ ಫಾರ್ಮುಲಾ ಒನ್ ನೋಡ್ತೀನಿ, ತಲೆಗೆ ಎಪ್ಪತ್ತೈದು ಸಾವಿರದೊಳಗೆ ಮುಗಿಸ್ತೀನಿ, ರಾತ್ರಿ ಮಲಗೋದು ಮಲೇಷ್ಯಾದಲ್ಲಿ" ಅಂದಾಗ ಒಬ್ಬರೂ ನಂಬಲಿಲ್ಲ. ಭಾವ ಅಂತೂ ಕಾಫಿ ಲೋಟ ಕೆಳಗಿಟ್ಟು ನಕ್ಕರು. "ಎಂಥ ಮಾರಾಯ, ರೇಸು ಒಂದು ದೇಶದಲ್ಲಿ, ಹಾಸಿಗೆ ಇನ್ನೊಂದು ದೇಶದಲ್ಲಾ?" ಅಮ್ಮನದು ಬೇರೆಯೇ ತಕರಾರು. ಆಗ ಪಿತೃಪಕ್ಷ. "ಪಕ್ಷದಲ್ಲಿ ಯಾರಾದ್ರೂ ಸಮುದ್ರ ದಾಟ್ತಾರಾ?"

ದಾಟಿದೆ. 2024ರ ಸೆಪ್ಟೆಂಬರ್ 20ರಿಂದ 22. ತಲೆಗೆ 73 ಸಾವಿರ ಚಿಲ್ಲರೆ. ಕೆಜಿಗೆ ಆರುನೂರರ ಲೆಕ್ಕದಲ್ಲಿ ಹೆಚ್ಚುಕಡಿಮೆ ಎರಡೂವರೆ ಮೂಟೆ ಮೆಣಸು. ಪಕ್ಷದಲ್ಲಿ ಯಾರೂ ಟೂರು ಹೊರಡಲ್ಲ, ಅದಕ್ಕೇ ವಿಮಾನದ ಟಿಕೆಟ್ ಕಡಿಮೆಗೆ ಸಿಕ್ಕಿತು ಅಂತ ಅಮ್ಮನ ಹತ್ತಿರ ವಾದ ಮಾಡಿದ್ದೇನೆ. ನಿಜವೋ ಸುಳ್ಳೋ, ವಾದ ಗೆದ್ದಿತು.

ನೀರಿನ ದಂಡೆಯ ರೇಸ್‌ಗಳಲ್ಲಿ ಸಿಂಗಾಪುರವೇ ಯಾಕೆ ಅಂದರೆ, ತೋಟದವನಿಗೆ ಬೇರೆ ಯಾವುದೂ ಹೊಂದುವುದಿಲ್ಲ. 2024ರಲ್ಲಿ ಮೊನಾಕೊ ಬಂದದ್ದು ಮೇ ಕೊನೆಗೆ. ನೆರಳು ಮರದ ಕೊಂಬೆ ಸವರುವ ಮರಗಸಿ ಮುಗಿದಿರಲ್ಲ, ಮಳೆಗೆ ಮುಂಚೆ ಬೋರ್ಡೋ ಔಷಧಿ ಹೊಡೆಯಬೇಕು, ಆ ಹೊತ್ತಿಗೆ ಬಂದರಿನಲ್ಲಿ ದೋಣಿ ನೋಡಲು ಹೋದರೆ ಮನೆಯಲ್ಲಿ ಊಟ ಹಾಕಲ್ಲ. ಯುರೋಪಿನ ಷೆಂಗೆನ್ ವೀಸಾದ ರಗಳೆ ಬೇರೆ. ಅಬುಧಾಬಿಯ ಯಾಸ್ ಮರೀನಾ ಡಿಸೆಂಬರ್‌ಗೆ. ಆಗ ಅರೇಬಿಕಾ ಕೊಯ್ಲು, ಆಳುಗಳನ್ನು ಹಿಡಿದು ನಿಲ್ಲಿಸುವುದೇ ಒಂದು ರೇಸು. ಆ ವರ್ಷ ಸಿಂಗಾಪುರ ಮಾತ್ರ ಮಳೆ ಸೋತು, ಹಣ್ಣು ಇನ್ನೂ ಹಸಿರಿರುವ ಸೆಪ್ಟೆಂಬರಿನಲ್ಲಿ ಬಂತು. ಕಳೆ ಹೊಡೆಸುವುದನ್ನು ತೋಟದ ಕೆಲಸ ನೋಡಿಕೊಳ್ಳುವ ರೈಟರಿಗೆ ವಹಿಸಿದರೆ ಒಂದು ವಾರ ತಪ್ಪಿಸಿಕೊಳ್ಳಬಹುದಿತ್ತು.

ಈಗ ಸೋತ ಕಥೆಗಳು. ಮೊದಲ ಸಲ ಹೋಗಿದ್ದು 2019ರಲ್ಲಿ, ಒಬ್ಬ ಏಜೆಂಟರ ಪ್ಯಾಕೇಜಿನಲ್ಲಿ. 1 ಲಕ್ಷ 45 ಸಾವಿರ ಕೊಟ್ಟೆ. ಗ್ರ್ಯಾಂಡ್‌ಸ್ಟ್ಯಾಂಡ್ ಸೀಟು ಅಂದರು, ಖುಷಿಪಟ್ಟೆ. ಹೋಗಿ ಕೂತರೆ ಎದುರಿಗೆ ಉದ್ದಕ್ಕೆ ನೇರ ರಸ್ತೆ, ನಡುವೆ ಬಲೆ ಬೇಲಿ. ಕಾರುಗಳು ಜುಂಯ್ ಅಂತ 61 ಸಲ ಹೋದವು, ಅಷ್ಟೇ. ತಿರುವಿಲ್ಲ, ಬ್ರೇಕಿಲ್ಲ. ಎಡದಿಂದ ಬಲಕ್ಕೆ ಕತ್ತು ತಿರುಗಿಸುವಷ್ಟರಲ್ಲಿ ಕಾರು ಇನ್ನೊಂದು ಬೀದಿಯಲ್ಲಿರುತ್ತಿತ್ತು. ಅವತ್ತು ವೆಟ್ಟೆಲ್ ಗೆದ್ದಿದ್ದು ನನಗೆ ಗೊತ್ತಾಗಿದ್ದು ದೊಡ್ಡ ಪರದೆ ನೋಡಿ. ಅದು ಆತನ ಕೊನೆಯ ಗೆಲುವು ಅಂತ ಆಮೇಲೆ ಗೊತ್ತಾದಾಗ ಹೊಟ್ಟೆ ಇನ್ನೂ ಉರಿಯಿತು. ನಮ್ಮೂರ ರ‍್ಯಾಲಿಯಲ್ಲಿ ನೇರ ರಸ್ತೆಯಲ್ಲಿ ಯಾರಾದರೂ ನಿಲ್ಲುತ್ತಾರಾ? ಅಷ್ಟು ಗೊತ್ತಿದ್ದೂ ಸೀಟು ಸಿಗುತ್ತೆ ಅಂತ ಮೋಸ ಹೋದೆ.

2020, 2021 ಕೊರೊನಾದಲ್ಲಿ ರೇಸೇ ನಡೆಯಲಿಲ್ಲ. 2022ಕ್ಕೆ ಸ್ವಂತವಾಗಿ ಹೊರಟೆ, ವೀಸಾ ಫೋಟೋದಲ್ಲಿ ಬಿದ್ದೆ. 35 ಗುಣಿಸು 45 ಮಿಲಿಮೀಟರ್, ಬಿಳಿ ಹಿನ್ನೆಲೆ, ಮ್ಯಾಟ್ ಫಿನಿಶ್, ಇಷ್ಟೇ ಕೇಳುವುದು. ಸ್ಟುಡಿಯೋ ಹುಡುಗ ಪ್ರೀತಿಯಿಂದ ನನ್ನ ಮುಖವನ್ನೂ ಹಿನ್ನೆಲೆಯಷ್ಟೇ ಬೆಳ್ಳಗೆ ಮಾಡಿ, ಕೆನ್ನೆಯ ಮಚ್ಚೆ ಅಳಿಸಿ ಕೊಟ್ಟಿದ್ದ. ಮದುವೆ ಗಂಡಿನ ಹಾಗೆ ಇದ್ದೆ. ಫೋಟೋ ವಾಪಸ್ ಬಂತು. ಹೊಸದು ತೆಗೆಸಿ ಕಳಿಸುವಷ್ಟರಲ್ಲಿ ದಿನ ಮೀರಿತ್ತು. ಟಿಕೆಟ್ ದುಡ್ಡು ನೀರಿಗೆ. ಆ ವರ್ಷ ಮಳೆ ಬಂದು ರೇಸ್ ಒಂದು ಗಂಟೆಗೂ ಜಾಸ್ತಿ ತಡವಾಯಿತು. ನಾನು ಮನೆಯಲ್ಲಿ ಟಿವಿ ಮುಂದೆ ಕೂತು ಕಾದೆ. ಕೊನೆಗೂ ರೇಸ್ ಶುರುವಾದ ಮೇಲೆ ನಮ್ಮ ಕರೆಂಟ್ ಹೋಯಿತು.

2023ರ ಡಿಸೆಂಬರಿನಲ್ಲಿ ಚೆನ್ನೈನ ಬೀದಿ ರೇಸ್‌ಗೆ ರೈಲು ಬುಕ್ ಮಾಡಿದೆವು. ಹತ್ತಿರವಿದೆ, ರಾತ್ರಿ ರೇಸು, ತಾಲೀಮು ಆದ ಹಾಗಾಯಿತು ಅಂತ ಲೆಕ್ಕ. ಮಿಚಾಂಗ್ ಚಂಡಮಾರುತ ಬಂತು, ರೇಸ್ ಮುಂದೆ ಹೋಯಿತು. ಭಾವ ಅಂದರು, "ನೀನು ಟಿಕೆಟ್ ತಗೊಂಡ್ರೆ ಸಾಕು, ಆ ಊರಿಗೆ ಮಳೆ ಗ್ಯಾರಂಟಿ. ಬರ ಬಿದ್ದ ಕಡೆ ಕಳಿಸಬೇಕು ನಿನ್ನ." ಅದೇ ರೇಸ್ 2024ರ ಆಗಸ್ಟ್ 31, ಸೆಪ್ಟೆಂಬರ್ 1ಕ್ಕೆ ಐಲ್ಯಾಂಡ್ ಗ್ರೌಂಡ್ಸ್ ಸುತ್ತ ನಡೆಯಿತು. ಮೂರೂವರೆ ಕಿಲೋಮೀಟರ್ ಟ್ರ್ಯಾಕು. ಹೋದೆವು. ಮಳೆಯೂ ಬಂತು. ಆದರೆ ಎರಡು ವಿಷಯ ಕಲಿತೆ. ರೇಸ್ ನೋಡುವವನಿಗೆ ಕಣ್ಣಿಗಿಂತ ಮೊದಲು ಕಾಲು ಸೋಲುತ್ತದೆ. ಮತ್ತೆ, ಕಿವಿಗೆ ಅಂತ ಬೇರೆ ಖರ್ಚು ಬೇಡ. ತೋಟದಲ್ಲಿ ಕಳೆ ಹೊಡೆಯುವ ಮಷೀನಿಗೆ ಅಂತ ತಂದಿಟ್ಟ ಇಯರ್‌ಪ್ಲಗ್ ಧಾರಾಳ ಸಾಕು. ಫೋನಿನಲ್ಲಿ ಸದ್ದು ಅಳೆಯುವ ಆ್ಯಪ್ ಹಾಕಿ ಸಿಂಗಾಪುರದಲ್ಲೂ ನೋಡಿದೆ. ಈಗಿನ ಹೈಬ್ರಿಡ್ ವಿ6 ಎಂಜಿನ್ನಿಗೂ ನಮ್ಮ ಮಷೀನಿಗೂ ಫೋನ್ ತೋರಿಸಿದ ವ್ಯತ್ಯಾಸ ಹೇಳಿದರೆ ನಗುತ್ತೀರಿ, ಬಿಡಿ.

ಇನ್ನು ಈ ಸಲದ ಪ್ಲಾನು. 2023ರ ಡಿಸೆಂಬರಿನಿಂದ ಮಲೇಷ್ಯಾ ಭಾರತದವರಿಗೆ ವೀಸಾ ಬೇಡ ಅಂದಿತು. ನನ್ನ ತಲೆಯಲ್ಲಿ ದೀಪ ಹತ್ತಿದ್ದು ಅಲ್ಲೇ. ರೇಸ್ ವಾರದಲ್ಲಿ ಸಿಂಗಾಪುರದ ಹೋಟೆಲ್ ಬಾಡಿಗೆ ಮುಗಿಲಿಗೆ ಹೋಗಿರುತ್ತದೆ. ಮಲೇಷ್ಯಾದ ಊರು ಜೋಹೊರ್ ಬಾರು ಇರುವುದು ಒಂದು ಕಿಲೋಮೀಟರ್ ಸೇತುವೆಯ ಆಚೆ. ಅಲ್ಲಿ ಒಳ್ಳೆ ರೂಮು ಮೂರು ಸಾವಿರಕ್ಕೆ ಸಿಕ್ಕಿತು. ಬೆಂಗಳೂರಿನಿಂದ ಕೌಲಾಲಂಪುರಕ್ಕೆ ಹೋಗಿಬರುವ ವಿಮಾನ 19 ಸಾವಿರ ಆಯಿತು. ಅಲ್ಲಿನ ಟಿಬಿಎಸ್ ನಿಲ್ದಾಣದಿಂದ ಜೋಹೊರಿನ ಲಾರ್ಕಿನ್‌ಗೆ ಬಸ್ಸು, ಐದು ಗಂಟೆ ಹಿಡಿಯಿತು. ಸೀಟು ನಮ್ಮ ಸ್ಲೀಪರ್ ಬಸ್ಸಿಗಿಂತ ಆರಾಮ, ತಿರುವುಗಳಂತೂ ಇಲ್ಲವೇ ಇಲ್ಲ. ಚಾರ್ಮಾಡಿ ಹತ್ತಿ ಇಳಿದವರಿಗೆ ನಿದ್ದೆಯೇ ಬರಲ್ಲ.

ಟಿಕೆಟ್ ಈ ಸಲ ಸೀಟಿಲ್ಲದ್ದು. ವಾಕ್‌ಅಬೌಟ್, ಅಂದರೆ ಟ್ರ್ಯಾಕಿನ ಝೋನ್ 4 ಭಾಗದಲ್ಲಿ ಓಡಾಡುತ್ತ ನೋಡುವುದು, ಮೂರು ದಿನಕ್ಕೆ ಸುಮಾರು 24 ಸಾವಿರ. ದುಡ್ಡು ಕೊಟ್ಟು ನಿಂತು ನೋಡುವುದಾ ಅಂತ ಎಲ್ಲರೂ ಕೇಳಿದರು. ರ‍್ಯಾಲಿಯಲ್ಲಿ ನಿಂತೇ ಅಲ್ವಾ ನೋಡಿದ್ದು? ಟಿಕೆಟ್ ಯಾವ ವಾರದಲ್ಲಿ ಕೊಂಡರೆ ಅಗ್ಗ ಅನ್ನುವುದು ನನ್ನ ಹತ್ತಿರವೇ ಇರಲಿ. ಎಲ್ಲರೂ ಅವತ್ತೇ ಮುಗಿಬಿದ್ದರೆ ನನಗೆ ಸಿಗಲ್ಲ.

ಜೊತೆಗೆ ಬಂದವರು ಇಬ್ಬರು. ಒಬ್ಬ ಚಿಕ್ಕಪ್ಪನ ಮಗ, ವರಸೆಯಲ್ಲಿ ನನ್ನ ತಮ್ಮ, ಬುಕಿಂಗ್ ಎಲ್ಲ ಅವನದು. ಇನ್ನೊಬ್ಬ ಹಾಸನದಲ್ಲಿ ಗ್ಯಾರೇಜ್ ಇಟ್ಟಿರುವ ಗೆಳೆಯ, ಹಿಂದೆ ರ‍್ಯಾಲಿಯಲ್ಲಿ ಕೋ-ಡ್ರೈವರ್ ಸೀಟಿನಲ್ಲಿ ಕೂತವನು. ವೀಸಾ ಬಂದಾಗ ನೋಡಿದರೆ ನಮ್ಮಿಬ್ಬರಿಗೆ ಮಲ್ಟಿಪಲ್ ಎಂಟ್ರಿ, ಹಾಸನದವನಿಗೆ ಮಾತ್ರ ಸಿಂಗಲ್. ಅಂದರೆ ಒಂದು ಸಲ ಸಿಂಗಾಪುರ ಹೊಕ್ಕು ಹೊರಬಂದರೆ ಮುಗಿಯಿತು. ನನ್ನ ಪ್ಲಾನಿನ ಕಾಲು ಮುರಿದೇ ಹೋಯಿತು ಅಂದುಕೊಂಡೆ. ಜೋಹೊರ್ ನಂಬಿಕೊಂಡು ಹೋಗುವವರು ಬೇರೆಲ್ಲ ಬಿಟ್ಟು ಇದೊಂದನ್ನು ಮೊದಲು ನೋಡಿಕೊಳ್ಳಿ.

ಅದೇ ಕೊನೆಗೆ ಒಳ್ಳೆಯದಾಯಿತು. ಅವನನ್ನು ಗುರುವಾರವೇ ಸೇತುವೆ ದಾಟಿಸಿ, ಲಿಟಲ್ ಇಂಡಿಯಾದ ಒಂದು ಡಾರ್ಮಿಟರಿಯಲ್ಲಿ ಬಿಟ್ಟೆವು. ದಾಟುವ ಮುಂಚೆ ಅವನ ಜೇಬಿನ ಹೊಗೆಸೊಪ್ಪನ್ನು ಕಸದ ಡಬ್ಬಕ್ಕೆ ಹಾಕಿಸಿದೆ. ಸಿಂಗಾಪುರದಲ್ಲಿ ಜಗಿಯುವ ಹೊಗೆಸೊಪ್ಪು ನಿಷೇಧ, ತಮಾಷೆ ಅಲ್ಲ. ಮೂರು ನಿಮಿಷ ಡಬ್ಬದ ಮುಂದೆ ನಿಂತಿದ್ದ, ಪಾಪ. ಶುಕ್ರವಾರ ಗೇಟ್ ತೆರೆದ ಕೂಡಲೇ ಅವನು ಒಳಗೆ ಹೋಗಿ ನಮ್ಮ ಪರವಾಗಿ ರೆಕ್ಕಿ ಮಾಡಿದ, ಅಂದರೆ ಜಾಗ ನೋಡಿಬಂದ. ರ‍್ಯಾಲಿಯಲ್ಲಿ ಡ್ರೈವರಿಗೆ ದಾರಿ ಹೇಳುವ ಪೇಸ್ ನೋಟ್ಸ್ ಓದಿದ ಹಾಗೆ ಫೋನಿನಲ್ಲಿ ಓದಿದ: "ಪಡಾಂಗ್ ಮೈದಾನ ಎಡಕ್ಕೆ, ಬೇಲಿ ಎತ್ತರ, ಬೇಡ. ಮುಂದೆ ಐವತ್ತು, ಮರ ಅಡ್ಡ. ಆ್ಯಂಡರ್ಸನ್ ಸೇತುವೆ, ನಿಧಾನ, ನಿಧಾನ, ಚೆನ್ನಾಗಿದೆ, ಜನ ಜಾಸ್ತಿ."

ಆ್ಯಂಡರ್ಸನ್ ಸೇತುವೆ 1910ರದ್ದು, ಉಕ್ಕಿನ ಕಮಾನಿನದು. ಎಲ್ಲೋ ಮುನ್ನೂರರ ಹತ್ತಿರ ಓಡಿ ಬಂದ ಕಾರುಗಳು ಆ ಕಿರಿದಾದ ಸೇತುವೆ ಹೊಗುವಾಗ ಎತ್ತು ಕೊಟ್ಟಿಗೆ ಹೊಗುವ ಹಾಗೆ ಮೈ ಕುಗ್ಗಿಸಿಕೊಳ್ಳುತ್ತವೆ. ದಾಟಿದ ಕೂಡಲೇ ಹೇರ್‌ಪಿನ್ ತಿರುವು. ಅಲ್ಲಿ ಡ್ರೈವರಿನ ಕೈ ಕಾಣುತ್ತದೆ, ಬ್ರೇಕ್ ಡಿಸ್ಕಿನ ಕೆಂಡ ಕಾಣುತ್ತದೆ. ಆದರೆ ನಾವು ನಿಂತಿದ್ದು ಅಲ್ಲಲ್ಲ. ಅದಕ್ಕಿಂತ ಒಳ್ಳೆ ಜಾಗ ಇನ್ನೊಂದಿದೆ. ಒಂದು ಕಡೆ ಗೋಡೆ, ಬೆನ್ನು ಆನಿಸಬಹುದು, ದೊಡ್ಡ ಪರದೆಯೂ ಕಾಣುತ್ತದೆ. ಎಲ್ಲಿ ಅಂತ ಹೇಳಲ್ಲ, ಕೇಳಲೂಬೇಡಿ.

ಶುಕ್ರವಾರ ರಾತ್ರಿ ಪೆಟ್ಟು ಬಿತ್ತು. ಎರಡನೇ ಪ್ರಾಕ್ಟೀಸ್ ಮುಗಿದಿದ್ದು ಹತ್ತಕ್ಕೆ. ಸಿಟಿ ಹಾಲ್‌ನಿಂದ ಮೆಟ್ರೋದಲ್ಲಿ ಕ್ರಾಂಜಿ, ಅಲ್ಲಿಂದ 170ನೇ ನಂಬರ್ ಬಸ್ಸು, ಅಲ್ಲಿವರೆಗೂ ಗಡಿಯಾರದ ಹಾಗೆ ಹೋಯಿತು. ಆದರೆ ವಾರ ಪೂರ್ತಿ ಸಿಂಗಾಪುರದಲ್ಲಿ ದುಡಿದವರು ಮಲೇಷ್ಯಾದ ಮನೆಗೆ ಹೊರಡುವುದೂ ಅದೇ ಶುಕ್ರವಾರ ರಾತ್ರಿ. ಇದನ್ನು ಯೋಚಿಸದೇ ಇದ್ದದ್ದು ನನ್ನ ತಪ್ಪೇ. ಗಡಿಯ ಸಾಲಿನಲ್ಲಿ ಎರಡು ಗಂಟೆ ನಿಂತೆವು. ಎರಡೂ ಹಿಮ್ಮಡಿಯಲ್ಲಿ ಗುಳ್ಳೆ. ರೂಮು ಸೇರಿದಾಗ ಎರಡು ಗಂಟೆ. ತಮ್ಮ ಮಾತಾಡಲಿಲ್ಲ. ಬ್ಯಾಗಿನಿಂದ ಕೊಬ್ಬರಿ ಎಣ್ಣೆ ಬಾಟಲಿ ತೆಗೆದು ನನ್ನ ಕಡೆ ಎಸೆದ, ಅಷ್ಟೇ.

ಶನಿವಾರಕ್ಕೆ ದಾರಿ ಬದಲಿಸಿದೆವು. ವುಡ್‌ಲ್ಯಾಂಡ್ಸ್‌ನಿಂದ ಜೋಹೊರಿಗೆ ತೆಬ್ರಾವ್ ಅಂತ ಷಟಲ್ ರೈಲಿದೆ. ಐದು ನಿಮಿಷದ ದಾರಿ. ತಮಾಷೆ ನೋಡಿ, ಜೋಹೊರಿನಿಂದ ಹೋಗುವಾಗ ಐದು ರಿಂಗಿಟ್, ಸಿಂಗಾಪುರದಿಂದ ಬರುವಾಗ ಐದು ಸಿಂಗಾಪುರ ಡಾಲರ್. ಅದೇ ಹಳಿ, ಮೂರು ಪಟ್ಟು ದುಡ್ಡು. ಬರುವಾಗ ಎರಡೂ ದೇಶದ ತಪಾಸಣೆ ವುಡ್‌ಲ್ಯಾಂಡ್ಸ್‌ನಲ್ಲೇ ಮುಗಿಯುತ್ತದೆ, ಇಳಿದು ನಡೆದರಾಯಿತು. ಸೀಟು ಬೇಗ ಖಾಲಿಯಾಗುತ್ತದೆ. ತಮ್ಮ ಯಾವ ಪುಣ್ಯಕ್ಕೋ ರಾತ್ರಿಯ ಕೊನೆಯ ರೈಲಿಗೆ ತಿಂಗಳ ಮುಂಚೆ ಎರಡು ಸೀಟು ಹಿಡಿದಿಟ್ಟಿದ್ದ. ರೇಸಿನಲ್ಲಿ ಯಾರು ಎಲ್ಲಿಂದ ಹೊರಡಬೇಕು ಅಂತ ತೀರ್ಮಾನಿಸುವ ಕ್ವಾಲಿಫೈಯಿಂಗ್‌ನ ಮೂರನೇ ಸುತ್ತು ಶುರುವಾಗುವಷ್ಟರಲ್ಲಿ ಡ್ರೈವರ್ ಸೈನ್ಜ್ ಗೋಡೆಗೆ ಹೊಡೆದು, ಓಟ ನಿಲ್ಲಿಸುವ ಕೆಂಪು ಬಾವುಟ ಬಂದಾಗ ನನ್ನ ಎದೆ ಬಡಿದದ್ದು ಆತನಿಗಾಗಿ ಅಲ್ಲ, ರೈಲಿಗಾಗಿ. ಹೇಗೋ ಮುಗಿಯಿತು, ನಾರಿಸ್‌ಗೆ ಪೋಲ್, ಅಂದರೆ ಎಲ್ಲರಿಗಿಂತ ಮುಂದಿನ ಜಾಗ. ಓಡಿದೆವು. ಹನ್ನೆರಡೂಕಾಲಿಗೆಲ್ಲ ರೂಮಿನಲ್ಲಿ ಮಲಗಿದ್ದೆವು. ಭಾವನಿಗೆ ಹಾಸಿಗೆಯ ಫೋಟೋ ಕಳಿಸಿದೆ.

ಕಾಗದದ ಕೆಲಸ ಮರೆಯಬೇಡಿ. ಪ್ರತಿ ಸಲ ಸಿಂಗಾಪುರ ಹೊಗುವಾಗಲೂ ಎಸ್‌ಜಿ ಅರೈವಲ್ ಕಾರ್ಡ್ ಹೊಸದಾಗಿ ತುಂಬಬೇಕು. ಗುರುವಾರದ್ದೂ ಸೇರಿ ನಮಗೆ ನಾಲ್ಕು ದಿನ, ನಾಲ್ಕು ಕಾರ್ಡ್. ಅದು ಪುಕ್ಕಟೆ. ದುಡ್ಡು ಕೇಳುವ ಕಡೆ ತುಂಬಿದರೆ ನೀವು ಸಿಕ್ಕಿಬಿದ್ದಿರಿ ಅಂತಲೇ ಅರ್ಥ. ಮಲೇಷ್ಯಾದ್ದೂ ಅಂಥದ್ದೇ ಒಂದಿದೆ.

ಭಾನುವಾರ ಬೆಳಿಗ್ಗೆ ರೂಮು ಬಿಟ್ಟು, ಗಂಟುಮೂಟೆ ಸಮೇತ ಹಾಸನದವನ ಡಾರ್ಮಿಟರಿಗೆ ಬಂದೆವು. ಅಲ್ಲೇ ಒಂದು ರಾತ್ರಿಗೆ ಹಾಸಿಗೆ, ತಲೆಗೆ ಐದು ಸಾವಿರ. ಈ ಒಂದು ರಾತ್ರಿ ಮಾತ್ರ ಜಿಪುಣತನ ಮಾಡಬೇಡಿ. ರೇಸ್ ಮುಗಿದ ಮೇಲೆ ಗಡಿಯ ಚಿಂತೆ ಇರಬಾರದು.

ಬೆಳಿಗ್ಗೆ ಅಲ್ಲೇ ಟೆಕ್ಕಾ ಸೆಂಟರ್ ಮಾರುಕಟ್ಟೆಯಲ್ಲಿ ಕಾಫಿ ಕುಡಿದು, ಆಮೇಲೆ ಒಂದು ಪ್ರಯೋಗ ಮಾಡಿದೆ. ಅಲ್ಲಿ ಕಾಫಿಗೆ ಕೋಪಿ ಅನ್ನುತ್ತಾರೆ, ನಮ್ಮ ಹಳೆಯವರು ಕಾಪಿ ಅಂದ ಹಾಗೆ. ಬೀಜ ಬಹುಪಾಲು ರೋಬಸ್ಟಾ. ಸಕ್ಕರೆ, ಮಾರ್ಗರಿನ್ ಹಾಕಿ ಕಪ್ಪಗೆ ಹುರಿದು, ಬಟ್ಟೆ ಚೀಲದಲ್ಲಿ ಸೋಸುತ್ತಾರೆ. ಕೋಪಿ ಅಂದರೆ ಕಂಡೆನ್ಸ್ಡ್ ಹಾಲು, ಕೋಪಿ ಓ ಅಂದರೆ ಹಾಲಿಲ್ಲದ್ದು. ನಾನು ಮನೆಯ ರೋಬಸ್ಟಾ ಪುಡಿ ಅರ್ಧ ಕೆಜಿ ಒಯ್ದಿದ್ದೆ. ಡಾರ್ಮಿಟರಿಯ ಅಡುಗೆಕೋಣೆಯಲ್ಲಿ ಹಳೇ ಕರವಸ್ತ್ರದಲ್ಲಿ ಸೋಸಿ, ಅದೇ ಕಂಡೆನ್ಸ್ಡ್ ಹಾಲು ಹಾಕಿ ಕುಡಿದೆವು. ಹಾಸನದವನು ಎರಡು ಲೋಟ ಕುಡಿದು, "ಅವರದೇ ಚೆನ್ನಾಗಿತ್ತು ಕಣೋ" ಅಂದ. ಮುಂದಿನ ಕೊಯ್ಲಿಗೆ ನಾಲ್ಕು ಕೆಜಿ ಬೀಜಕ್ಕೆ ಸಕ್ಕರೆ ಹಾಕಿ ಹುರಿಸಿ ನೋಡಬೇಕು.

ರೇಸ್ ಶುರುವಾದದ್ದು ಎಂಟಕ್ಕೆ. ನಾವು ಮೂರೂವರೆಗೇ ಜಾಗ ಹಿಡಿದಿದ್ದೆವು. ಒಬ್ಬ ನಿಲ್ಲುವುದು, ಇಬ್ಬರು ನೆರಳಿಗೆ ಹೋಗುವುದು, ಅರ್ಧ ಗಂಟೆಗೊಮ್ಮೆ ಪಾಳಿ. ಆ ಸೆಖೆ ನಮ್ಮವರಿಗೆ ಆಗಿಬರಲ್ಲ. ಗಾಳಿಯಿಲ್ಲದೆ ಮೈ ಮೇಲೆ ಒದ್ದೆ ಗೋಣಿ ಹೊದಿಸಿದ ಹಾಗೆ ಇರುತ್ತದೆ. ಒಳಗೆ ಬಿಯರ್ ಬೆಲೆ ಕೇಳಿ ತಮ್ಮ ಬರೀ ನೀರು ಕುಡಿದ.

ಕತ್ತಲಾದ ಮೇಲೆ ದೀಪದಲ್ಲಿ ಆ ರಸ್ತೆ ಹಸಿ ಬಣ್ಣ ಬಳಿದ ಹಾಗೆ ಹೊಳೆಯುತ್ತಿತ್ತು. ಆಚೆ ಕೊಲ್ಲಿಯ ನೀರಿನಲ್ಲಿ ಕಟ್ಟಡಗಳೆಲ್ಲ ತಲೆಕೆಳಗು. 62 ಲ್ಯಾಪಿನಲ್ಲೂ ನಾರಿಸ್ ಮುಂದೆಯೇ. ವರ್ಸ್ಟಾಪನ್‌ಗಿಂತ ಸುಮಾರು 21 ಸೆಕೆಂಡ್ ಮುಂದೆ ಗುರಿ ಮುಟ್ಟಿದ. ನಡುವೆ ಎರಡು ಸಲ ಗೋಡೆಗೆ ಸವರಿಕೊಂಡು ಹೋದ. ಅಪಘಾತವಾದಾಗ ಎಲ್ಲರನ್ನೂ ನಿಧಾನ ಮಾಡಿಸುವ ಸೇಫ್ಟಿ ಕಾರು ಒಂದು ಸಲವೂ ಬರಲಿಲ್ಲ. 2008ರಿಂದ ಅಲ್ಲಿ ರೇಸ್ ನಡೆಯುತ್ತಿದೆ, ಸೇಫ್ಟಿ ಕಾರು ಬಾರದ್ದು ಅದೇ ಮೊದಲು. ರೇಸ್ ಸಪ್ಪೆ ಅಂತ ಟಿವಿಯಲ್ಲಿ ನೋಡಿದವರು ಬೈದರಂತೆ. ನಮಗೆ ಸಪ್ಪೆ ಅನ್ನಿಸಲಿಲ್ಲ. ಕೊನೆಗೆ ರಿಕಾರ್ಡೊ ಹೊಸ ಟೈರ್ ಹಾಕಿಸಿಕೊಂಡು ಫಾಸ್ಟೆಸ್ಟ್ ಲ್ಯಾಪ್ ಹೊಡೆದಾಗ ನಮ್ಮ ಮುಂದೆಯೇ ಹೋದ. ಹಾಸನದವನು, "ಇವನು ಬೇರೆ ಲೈನ್ ಹಿಡಿತಿದಾನೆ ನೋಡು" ಅಂದ. ಅದು ಆತನ ಕೊನೆಯ ರೇಸು ಅಂತ ಊರಿಗೆ ಬಂದ ಮೇಲೆ ಗೊತ್ತಾಯಿತು. 2019ರಲ್ಲಿ ವೆಟ್ಟೆಲ್, ಈಗ ಇವನು. ನಾನು ನೋಡಲು ಹೋಗುವುದು ಡ್ರೈವರುಗಳಿಗೆ ಒಳ್ಳೆಯದಲ್ಲವೇನೋ.

ಭಾವ ಈಗ ಪಾಸ್‌ಪೋರ್ಟ್ ಮಾಡಿಸಿದ್ದಾರೆ. ವೀಸಾ ಫೋಟೋನೂ ತೆಗೆಸಿದ್ದಾರಂತೆ. ಮೊನ್ನೆ ತೋರಿಸಿದರು. ಅದೇ ಸ್ಟುಡಿಯೋ, ಬೆಳ್ಳಗಿದ್ದಾರೆ.